ಕಳ್ಳಿಗೆ ಚಿಟಿಕೆ ಗೊಬ್ಬರ

ಕುಂಡದ ಕಳ್ಳಿಯನ್ನು ಕೊಲ್ಲುವವರಲ್ಲಿ ಹೆಚ್ಚಿನವರು ಗಿಡಗಳೆಂದರೆ ಪ್ರಾಣ ಬಿಡುವವರೇ. ಸೋಮಾರಿಗಳ ಮನೆಯಲ್ಲಿ ಅದು ಹೇಗೋ ಬದುಕಿಕೊಳ್ಳುತ್ತದೆ. ಕಿಟಕಿಯ ಅಂಚಿನಲ್ಲಿ ದೂಳು ಹಿಡಿದು, ವಾರಗಟ್ಟಲೆ ನೀರು ಕಾಣದೆ, ಬಣ್ಣಗೆಟ್ಟು ಕುಳಿತಿದ್ದರೂ ಜೀವ ಬಿಡುವುದಿಲ್ಲ. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಒಂದೊಂದೇ ಗಿಡದ ಯೋಗಕ್ಷೇಮ ವಿಚಾರಿಸುವವರ ಮನೆಯಲ್ಲೇ ಅದಕ್ಕೆ ಗಂಡಾಂತರ. ಮೊದಲ ಗಂಡಾಂತರ ನೀರು. ಅದು ಈಗ ಬಹುತೇಕ ಎಲ್ಲರಿಗೂ ಗೊತ್ತು. ಎರಡನೆಯದು ಗೊಬ್ಬರ. ಅದರ ಬಗ್ಗೆ ನಮ್ಮಲ್ಲಿ ಎರಡು ನಂಬಿಕೆಗಳಿವೆ. ‘ಕಳ್ಳಿಗೆ ಗೊಬ್ಬರವೇ ಬೇಡ’ ಎನ್ನುವುದು ಒಂದು. ‘ಗುಲಾಬಿಗೆ ಹಾಕಿದ್ದರಲ್ಲೇ ಒಂದು ಹಿಡಿ ಇದಕ್ಕೂ ಹಾಕು’ ಎನ್ನುವುದು ಇನ್ನೊಂದು. ಎರಡೂ ತಪ್ಪು, ಆದರೆ ಮೊದಲನೆಯ ತಪ್ಪು ಎರಡನೆಯದರಷ್ಟು ಅಪಾಯಕಾರಿಯಲ್ಲ.

ಬೆಂಗಳೂರಿನಲ್ಲಿ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿ ಸಾಲಿಗೆ ಹೋದರೆ ಪುಟ್ಟ ಪುಟ್ಟ ಕುಂಡಗಳಲ್ಲಿ ಕಳ್ಳಿಗಳನ್ನು ತಟ್ಟೆಗಟ್ಟಲೆ ಜೋಡಿಸಿಟ್ಟಿರುತ್ತಾರೆ. “ಅಣ್ಣಾ, ಇದಕ್ಕೆ ಏನು ಗೊಬ್ಬರ ಹಾಕ್ಬೇಕು?” ಎಂದು ಕೇಳಿ ನೋಡಿ. “ಏನೂ ಬೇಡ ಮೇಡಂ. ವಾರಕ್ಕೊಂದ್ಸಲ ನೀರು ಹಾಕಿ, ಸಾಕು” ಎಂಬ ಉತ್ತರ ಬರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ನರ್ಸರಿಯಲ್ಲಿ ಉಂಡ ಗೊಬ್ಬರದ ಬಲದಲ್ಲೇ ಆ ಗಿಡ ಇನ್ನೂ ಕೆಲವು ತಿಂಗಳು ಚೆನ್ನಾಗಿರುತ್ತದೆ. ಅಷ್ಟು ಹೊತ್ತಿಗೆ ಅದು ಅಂಗಡಿಯವರ ಗಿಡವಾಗಿ ಉಳಿದಿರುವುದಿಲ್ಲ.

ಆಮೇಲೆ ಏನಾಗುತ್ತದೆ? ಕುಂಡದಲ್ಲಿರುವುದು ನಾಲ್ಕು ಹಿಡಿ ಮಿಶ್ರಣ. ನೀರು ಹಾಕಿದಾಗಲೆಲ್ಲ ಅದರಲ್ಲಿರುವ ಸಾರಜನಕ, ಪೊಟ್ಯಾಷ್ ತಳದ ತೂತಿನಿಂದ ಒಂದಿಷ್ಟು ಸೋರಿಹೋಗುತ್ತದೆ. ಎರಡು ಮೂರು ವರ್ಷ ಹೀಗೇ ಸಾಗಿದರೆ ಗಿಡ ಸಾಯುವುದಿಲ್ಲ, ಆದರೆ ನಿಂತುಬಿಡುತ್ತದೆ. ನೆತ್ತಿಯಲ್ಲಿ ಹೊಸ ಮುಳ್ಳು ಬರುವುದಿಲ್ಲ, ಬಂದರೂ ಹಳೆಯವಕ್ಕಿಂತ ಗಿಡ್ಡ, ಸಪೂರ. ಹಸಿರು ಮಾಸಿ ಹಳದಿ ಮಿಶ್ರಿತ ಬೂದಿಯಾಗುತ್ತದೆ. ‘ಕಳ್ಳಿ ನಿಧಾನವಾಗಿ ಬೆಳೆಯುವ ಜಾತಿ’ ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಹೌದು, ನಿಧಾನದ ಜಾತಿಯೇ. ಆದರೆ ನಿಧಾನವಾಗಿ ಬೆಳೆಯುವುದು ಬೇರೆ, ಬೆಳೆಯದೇ ಇರುವುದು ಬೇರೆ.

ಮರುಭೂಮಿಯಲ್ಲಿ ಬಡಿಸುವವರು

‘ಮರುಭೂಮಿಯಲ್ಲಿ ಯಾರು ಗೊಬ್ಬರ ಹಾಕ್ತಾರೆ?’ ಎಂಬ ಪ್ರಶ್ನೆ ಎಲ್ಲ ಕಡೆಯೂ ಕೇಳಿಬರುತ್ತದೆ. ಕೇಳುವವರಿಗೆ ಉತ್ತರ ಬೇಕಿರುವುದಿಲ್ಲ, ಆದರೆ ಉತ್ತರವಿದೆ.

ಮಳೆ ಕಡಿಮೆ ಇರುವ ನೆಲ ಸತ್ವಹೀನ ನೆಲ ಎಂದು ನಾವು ಅಂದುಕೊಂಡಿದ್ದೇವೆ. ನಮ್ಮ ಕರಾವಳಿಯ ಮುರಕಲ್ಲಿನ ನೆಲವನ್ನು ನೆನಪಿಸಿಕೊಂಡರೆ ಕಥೆ ತಿರುವುಮುರುವು ಎಂದು ತಿಳಿಯುತ್ತದೆ. ಅಲ್ಲಿ ಮಳೆಯೇ ಯುಗಯುಗಗಳಿಂದ ಸುಣ್ಣ, ಪೊಟ್ಯಾಷ್‌ಗಳನ್ನು ತೊಳೆದುಕೊಂಡು ಹೋಗಿದೆ. ಮರುಭೂಮಿಯಲ್ಲಿ ತೊಳೆಯುವ ಮಳೆಯಿಲ್ಲ, ಹಾಗಾಗಿ ಖನಿಜಗಳು ಇದ್ದಲ್ಲೇ ಉಳಿಯುತ್ತವೆ. ಕೊರತೆಯಿರುವುದು ನೀರಿಗೆ ಮತ್ತು ಸಾರಜನಕಕ್ಕೆ. ಆ ಸಾರಜನಕವನ್ನು ಒದಗಿಸುವವರೂ ಅಲ್ಲಿದ್ದಾರೆ. ಮೆಕ್ಸಿಕೋದ ತೆವಾಕಾನ್ ಕಣಿವೆಯಲ್ಲಿ ಕಳ್ಳಿಯ ಸಸಿಗಳು ಬಟ್ಟಬಯಲಲ್ಲಿ ಬದುಕುವುದು ಅಪರೂಪ. ಹೆಚ್ಚಿನವು ಮಿಮೋಸಾ ಲೂಯಿಸಾನಾ ಎಂಬ ಪೊದೆಯ ಬುಡದಲ್ಲಿ ಬೆಳೆಯುತ್ತವೆ. ಅದು ನಮ್ಮ ಹೊಂಗೆ, ತೊಗರಿಗಳಂತೆ ದ್ವಿದಳ ಕುಲದ್ದು. ನೆರಳನ್ನೂ ಕೊಡುತ್ತದೆ, ಉದುರಿದ ಎಲೆಯಿಂದ ಬುಡದ ಮಣ್ಣನ್ನೂ ಫಲವತ್ತಾಗಿಸುತ್ತದೆ. ಅಮೆರಿಕದ ಅರಿಜೋನಾದಲ್ಲಿ ಆಳೆತ್ತರಕ್ಕೂ ಮಿಗಿಲಾಗಿ ನಿಲ್ಲುವ ಸವಾರೋ ಕಳ್ಳಿಯ ಬಾಲ್ಯವೂ ಪಾಲೊ ವರ್ಡೆ ಎಂಬ ಮರದಡಿಯಲ್ಲೇ ಕಳೆಯುತ್ತದೆ. ಬಾಲ್ಯವೆಂದರೆ ಎಷ್ಟು ದೀರ್ಘ ಎನ್ನುತ್ತೀರಿ! ಮೊದಲ ಎಂಟು ವರ್ಷಗಳಲ್ಲಿ ಅದರ ಎತ್ತರ ಒಂದೂವರೆ ಅಂಗುಲ ಮುಟ್ಟಿದರೆ ಹೆಚ್ಚು.

ಇನ್ನೂ ವಿಚಿತ್ರವಾದದ್ದು ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದ ಕಾರ್ಡೋನ್ ಎಂಬ ದೈತ್ಯ ಕಳ್ಳಿ. ಮಣ್ಣೇ ಇಲ್ಲದ ಬರೀ ಬಂಡೆಯ ಮೇಲೂ ಅದರ ಸಸಿ ಬೇರೂರುತ್ತದೆ. ಬೇರಿನೊಳಗೆ, ಬೀಜದೊಳಗೆ ಕೂಡ ಬ್ಯಾಕ್ಟೀರಿಯಾಗಳು ವಾಸವಾಗಿದ್ದು, ಅವು ಬಂಡೆಯನ್ನು ಕರಗಿಸಿ ಖನಿಜ ಒದಗಿಸುತ್ತವೆ, ಗಾಳಿಯ ಸಾರಜನಕವನ್ನೂ ಹಿಡಿದುಕೊಡುತ್ತವೆ ಎಂದು ಅಲ್ಲಿನ ಲಾ ಪಾಜ್ ಪಟ್ಟಣದ ವಿಜ್ಞಾನಿಗಳು ತೋರಿಸಿದ್ದಾರೆ. ಅಂದರೆ ಕಾಡಿನ ಕಳ್ಳಿಗೆ ಬಡಿಸುವವರು ಇದ್ದೇ ಇದ್ದಾರೆ. ಮೇಲಾಗಿ ಅದರ ಬೇರು ಆಳಕ್ಕೆ ಇಳಿಯದೆ ಅಂಗೈ ಅಗಲದಷ್ಟು ಕೆಳಗೆ, ಗಿಡ ಎಷ್ಟು ಎತ್ತರವೋ ಸುತ್ತಲೂ ಅಷ್ಟು ದೂರ ಹರಡಿರುತ್ತದೆ. ನಮ್ಮ ಬಾಲ್ಕನಿಯ ನಾಲ್ಕು ಅಂಗುಲದ ಪ್ಲಾಸ್ಟಿಕ್ ಕುಂಡದಲ್ಲಿ ಈ ಯಾವ ಅನುಕೂಲವೂ ಇಲ್ಲ. ಅಲ್ಲಿ ಬಡಿಸಬೇಕಾದವರು ನಾವೇ. ಎಷ್ಟು ಬಡಿಸಬೇಕು ಎನ್ನುವುದು ಅದರ ಸಂಪಾದನೆಯ ರೀತಿ ಗೊತ್ತಾದರೆ ತಾನಾಗಿ ತಿಳಿಯುತ್ತದೆ.

ಆ ಸಂಪಾದನೆಯ ರೀತಿಯ ಬಗ್ಗೆ ಸಿಕ್ಕ ಮೊದಲ ಸುಳಿವಿಗೂ ನಮ್ಮ ಲಾಲ್‌ಬಾಗಿಗೂ ಒಂದು ನಂಟಿದೆ. ಟಿಪ್ಪು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಲಾಲ್‌ಬಾಗನ್ನು ವಹಿಸಿದ್ದು ಬೆಂಜಮಿನ್ ಹೈನೆ ಎಂಬ ಜರ್ಮನ್ ಸಸ್ಯವಿಜ್ಞಾನಿಗೆ. ಆತನಿಗೆ ಎಲೆಗಳ ರುಚಿ ನೋಡುವ ಚಾಳಿ ಇತ್ತೆಂದು ಕಾಣುತ್ತದೆ. ಮೂತ್ರಕೋಶದ ಕಲ್ಲಿಗೆ ಮದ್ದೆಂದು ಇಂದಿಗೂ ಹಲವರು ಹಿತ್ತಿಲಲ್ಲಿ ಬೆಳೆಸುವ, ಎಲೆಯಂಚಿನಲ್ಲೇ ಮರಿ ಹಾಕುವ ಕಾಡುಬಸಳೆ ಇದೆಯಲ್ಲ, ಅದರ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ಕೊಂಚ ಕಹಿ ಎಂಬುದನ್ನು ಆತ ಗಮನಿಸಿದ. 1813ರಲ್ಲಿ ಪತ್ರವೊಂದರಲ್ಲಿ ಇದನ್ನು ಬರೆದ. ಲಂಡನ್ನಿನ ಲಿನಿಯನ್ ಸೊಸೈಟಿ 1815ರಲ್ಲಿ ಅಚ್ಚು ಹಾಕಿಸಿತು. ಆ ಹುಳಿಯ ಅರ್ಥ ಪೂರ್ತಿ ಬಿಡಿಸಿಕೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ಕಾಡುಬಸಳೆಯೂ ಕಳ್ಳಿಯೂ ಬೇರೆ ಬೇರೆ ಕುಟುಂಬದವಾದರೂ ಎರಡೂ ನಡೆಸುವುದು ಒಂದೇ ವಿದ್ಯೆಯನ್ನು. ಬಿಸಿಲಿನಲ್ಲಿ ರಂಧ್ರಗಳನ್ನು ತೆರೆದರೆ ಒಳಗಿನ ನೀರು ಆರಿಹೋಗುತ್ತದೆಂದು ಅವು ರಾತ್ರಿಯ ತಂಪಿನಲ್ಲಿ ಮಾತ್ರ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತವೆ. ಬೆಳಗಾದ ಮೇಲೆ ರಂಧ್ರ ಮುಚ್ಚಿಕೊಂಡು, ಬಿಸಿಲಿನ ಬಲದಿಂದ ಆ ಆಮ್ಲದಲ್ಲಿನ ಇಂಗಾಲವನ್ನು ಸಕ್ಕರೆಯಾಗಿ ಬದಲಿಸುತ್ತವೆ. ರಾತ್ರಿ ರುಬ್ಬಿಟ್ಟ ಹಿಟ್ಟು ಹುಳಿ ಬಂದು ಬೆಳಿಗ್ಗೆ ದೋಸೆಯಾಗುವ ಹಾಗೆ. ರಾತ್ರಿ ಕೂಡಿಟ್ಟದ್ದು ಎಷ್ಟೋ ಅಷ್ಟೇ ಮಾರನೆಯ ದಿನದ ದುಡಿಮೆ.

ಇದು ನೀರು ಉಳಿಸುವ ಜಾಣತನ, ಆದರೆ ಗಳಿಕೆ ಸಣ್ಣದು. ಕಳ್ಳಿಯ ಒಟ್ಟು ಬಾಳು ಈ ಸಣ್ಣ ಗಳಿಕೆಗೆ ಹೊಂದಿಕೊಂಡಿದೆ. ಗೊಬ್ಬರ ಎನ್ನುವುದು ಗಿಡದ ಆಹಾರ ಅಲ್ಲ ಎಂಬ ಮಾತನ್ನು ಇಲ್ಲಿ ಹೇಳಲೇಬೇಕು. ಆಹಾರವನ್ನು ಗಿಡ ಬೆಳಕಿನಿಂದ ತಾನೇ ತಯಾರಿಸಿಕೊಳ್ಳುತ್ತದೆ. ಆ ತಯಾರಿಗೆ ಬೇಕಾದ ಕೆಲವು ಸಾಮಗ್ರಿಗಳನ್ನಷ್ಟೇ ಗೊಬ್ಬರ ಒದಗಿಸುತ್ತದೆ. ಯಾವುದು ಎಲ್ಲಕ್ಕಿಂತ ಕೊರತೆಯಾಗಿದೆಯೋ ಅದೇ ಬೆಳವಣಿಗೆಯ ಮಿತಿಯನ್ನು ನಿರ್ಧರಿಸುತ್ತದೆ ಎಂಬ ನಿಯಮವನ್ನು ಜರ್ಮನಿಯ ಕಾರ್ಲ್ ಸ್ಪ್ರೆಂಗೆಲ್ ಹೇಳಿ, ಯೂಸ್ಟಸ್ ಫಾನ್ ಲೀಬಿಗ್ ಹತ್ತೊಂಬತ್ತನೆಯ ಶತಮಾನದಲ್ಲಿ ಜಗತ್ತಿಗೆಲ್ಲ ಸಾರಿದ. ನಮ್ಮ ಅಪಾರ್ಟ್‌ಮೆಂಟುಗಳ ಕಳ್ಳಿಗೆ ಎಲ್ಲಕ್ಕಿಂತ ಕೊರತೆ ಬೆಳಕಿನದು. ಟಿ.ವಿ. ಪಕ್ಕದಲ್ಲೋ ಕಂಪ್ಯೂಟರ್ ಮೇಜಿನ ಮೇಲೋ ಇಟ್ಟ ಕಳ್ಳಿಗೆ ಯಾವ ಗೊಬ್ಬರ ಹಾಕಿದರೂ ಉಪಯೋಗವಿಲ್ಲ. ಬೆಳಕಿಲ್ಲದೆ ಸಾರಜನಕ ಮಾತ್ರ ಸಿಕ್ಕರೆ ದುಂಡಗಿರಬೇಕಾದ ಗಿಡ ತಿಳಿಹಸಿರಾಗಿ, ಮೂತಿ ಚೂಪಾಗಿ, ಕತ್ತು ಉದ್ದವಾಗಿ ಎಳೆದುಕೊಳ್ಳುತ್ತದೆ. ‘ಅಬ್ಬಾ, ಎಷ್ಟು ಬೇಗ ಬೆಳೀತಿದೆ’ ಎಂದು ಖುಷಿಪಡುವವರೂ ಇದ್ದಾರೆ. ಅದು ಬೆಳವಣಿಗೆಯಲ್ಲ, ಬೆಳಕಿಗಾಗಿನ ಪರದಾಟ. ಆ ವಿಕಾರ ಮತ್ತೆ ಸರಿಹೋಗುವುದೂ ಇಲ್ಲ. ದಿನಕ್ಕೆ ನಾಲ್ಕೈದು ಗಂಟೆಯಾದರೂ ನೇರ ಬಿಸಿಲು ಬೀಳದ ಜಾಗದಲ್ಲಿ ಕಳ್ಳಿಯಿದ್ದರೆ ಗೊಬ್ಬರದ ಯೋಚನೆಯನ್ನು ಬದಿಗಿಟ್ಟು ಮೊದಲು ಕುಂಡದ ಜಾಗ ಬದಲಿಸಿ. ಒಳಗಿದ್ದ ಗಿಡವನ್ನು ಒಂದೇ ಸಲ ಮಟಮಟ ಮಧ್ಯಾಹ್ನದ ಬಿಸಿಲಿಗೆ ಒಡ್ಡಿದರೆ ಸುಡುತ್ತದೆ. ಎರಡು ಮೂರು ವಾರದಲ್ಲಿ ಹಂತಹಂತವಾಗಿ ಒಗ್ಗಿಸಬೇಕು.

ಲೀಟರಿಗೆ ಅರ್ಧ ಗ್ರಾಂ

ಈಗ ಅಂಗಡಿಗೆ ಬರೋಣ. ‘ಕ್ಯಾಕ್ಟಸ್ ಫರ್ಟಿಲೈಸರ್’ ಎಂಬ ಚೆಂದದ ಚೀಟಿ ಅಂಟಿಸಿದ ಪುಟ್ಟ ಡಬ್ಬಿಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಅವುಗಳ ಒಳಗಿರುವುದು ಹೆಚ್ಚಾಗಿ ಗೊಬ್ಬರದ ಅಂಗಡಿಯಲ್ಲಿ ರೈತರು ಕೊಳ್ಳುವ ಪದಾರ್ಥವೇ. ಹನಿ ನೀರಾವರಿಗೆ ಬಳಸುವ, ನೀರಿನಲ್ಲಿ ಪೂರ್ತಿ ಕರಗುವ 19:19:19 ಎಂಬ ಗೊಬ್ಬರ ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲೂ ಸಿಗುತ್ತದೆ. ಹೆಸರೇ ಹೇಳುವಂತೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಶೇ 19ರಷ್ಟು. ಕಳ್ಳಿಗೆ ಅದು ಸಾಕು.

‘ಕಳ್ಳಿಗೆ ಸಾರಜನಕ ಕಡಿಮೆ, ಪೊಟ್ಯಾಷ್ ಜಾಸ್ತಿ ಇರಬೇಕಲ್ಲವೇ?’ ಎಂದು ಬಲ್ಲವರು ಆಕ್ಷೇಪಿಸಬಹುದು. ಇಂಗ್ಲೆಂಡಿನ ಹವ್ಯಾಸಿಗಳು ಟೊಮೆಟೊ ಗೊಬ್ಬರ ಬಳಸುವುದು ಇದೇ ಕಾರಣಕ್ಕೆ. ಆ ವಾದದಲ್ಲಿ ಹುರುಳಿದೆ. ಅಂಥದೇ ಬೇಕೆಂದರೆ ಒಮ್ಮೆ 19:19:19, ಇನ್ನೊಮ್ಮೆ ಪೊಟ್ಯಾಷ್ ಹೆಚ್ಚಿರುವ 13:0:45 ಹಾಕಿಕೊಳ್ಳಿ. ಆದರೆ ನನ್ನ ಮಟ್ಟಿಗೆ ಅನುಪಾತದ ಚರ್ಚೆಗಿಂತ ಪ್ರಮಾಣದ ಎಚ್ಚರ ಹೆಚ್ಚು ಮುಖ್ಯ. ಪೆಟ್ಟಿಗೆಯ ಮೇಲಿನ ಮೂರು ಅಂಕಿಗಳನ್ನು ಹಿಡಿದು ಗಂಟೆಗಟ್ಟಲೆ ವಾದಿಸುವವರೇ ಚಮಚ ಹಾಕುವಾಗ ಕಣ್ಣಂದಾಜಿನಲ್ಲಿ ಹಾಕುವುದನ್ನು ನೋಡಿದ್ದೇನೆ.

ಹೊಲದಲ್ಲಿ ಎಲೆಗಳ ಮೇಲೆ ಸಿಂಪಡಿಸಲು ಈ ಗೊಬ್ಬರವನ್ನು ಲೀಟರಿಗೆ ಐದು ಗ್ರಾಂ ಲೆಕ್ಕದಲ್ಲಿ ಬಳಸುತ್ತಾರೆ. ಕಳ್ಳಿಯ ಕುಂಡಕ್ಕೆ ಅದರ ಹತ್ತನೆಯ ಒಂದು ಪಾಲು, ಅಂದರೆ ಲೀಟರಿಗೆ ಅರ್ಧ ಗ್ರಾಂ ಸಾಕು. ಆಗ ಆ ಒಂದು ಲೀಟರಿನಲ್ಲಿ ಸಾರಜನಕ 95 ಮಿಲಿಗ್ರಾಂ ಇರುತ್ತದೆ. ಅರ್ಧ ಗ್ರಾಂ ತೂಗುವುದು ಹೇಗೆ? ಚಿನ್ನಾಭರಣ ತೂಗುವ ಪುಟ್ಟ ತಕ್ಕಡಿ ಇದ್ದರೆ ಸರಿ. ಇಲ್ಲದಿದ್ದರೆ ಔಷಧಿ ಬಾಟಲಿಯ ಜೊತೆ ಬರುವ 5 ಮಿ.ಲೀ. ಚಮಚದಲ್ಲಿ ತಲೆ ಸವರಿ ಒಂದು ಚಮಚ, ಸುಮಾರು ಐದು ಗ್ರಾಂ ತೆಗೆದು ಒಂದು ಲೀಟರ್ ನೀರಿನಲ್ಲಿ ಕರಗಿಸಿ. ಅದರಲ್ಲಿ 100 ಮಿ.ಲೀ. ತೆಗೆದು 900 ಮಿ.ಲೀ. ನೀರಿಗೆ ಬೆರೆಸಿದರೆ ಅರ್ಧ ಗ್ರಾಂ ಲೆಕ್ಕ ಸರಿಹೋಗುತ್ತದೆ. ಮಿಕ್ಕ ಗಟ್ಟಿ ದ್ರಾವಣವನ್ನು ತಂಪು ಪಾನೀಯದ ಬಾಟಲಿಯಲ್ಲಿ ತುಂಬಿ ಇಡಬೇಡಿ. ಮಕ್ಕಳಿರುವ ಮನೆಯಲ್ಲಿ ಇದಕ್ಕಿಂತ ಕೆಟ್ಟ ಅಭ್ಯಾಸ ಇನ್ನೊಂದಿಲ್ಲ. ಅದನ್ನು ಇನ್ನಷ್ಟು ನೀರು ಬೆರೆಸಿ ದಾಸವಾಳಕ್ಕೋ ಕರಿಬೇವಿಗೋ ಅಂದೇ ಹಾಕಿಬಿಡಿ.

ಬೆರೆಸಿದ ನೀರನ್ನು ಒಣಗಿ ಕಾದ ಮಣ್ಣಿಗೆ ನೇರ ಹುಯ್ಯಬಾರದು. ಒಣ ಬೇರಿಗೆ ಉಪ್ಪಿನ ನೀರು ತಗುಲಿದರೆ ತುದಿ ಸುಡುತ್ತದೆ. ಮೊದಲು ಸ್ವಲ್ಪ ಬರೀ ನೀರು ಹಾಕಿ ಮಣ್ಣು ತೇವವಾದ ಮೇಲೆ, ಸಂಜೆಯ ಹೊತ್ತು, ಗಿಡದ ಮೈಮೇಲೆ ಬೀಳದಂತೆ ಅಂಚಿನಿಂದ ಸುತ್ತಲೂ ಹಾಕಿ. ನೆತ್ತಿಯ ಹತ್ತಿಯಂಥ ಉಣ್ಣೆಯಲ್ಲಿ ನೀರು ನಿಂತರೆ ಕೊಳೆ ಅಲ್ಲಿಂದಲೇ ಶುರು. ಮೈಮೇಲೆ ಸಿಂಪಡಿಸಿಯೂ ಪ್ರಯೋಜನವಿಲ್ಲ, ಮೇಣ ಮೆತ್ತಿದ ಅದರ ದಪ್ಪ ಚರ್ಮ ಇರುವುದೇ ನೀರು ಹೊರಹೋಗದಂತೆ, ಒಳಬರದಂತೆ. ಬೆಳೆಯುವ ಕಾಲದಲ್ಲಿ ತಿಂಗಳಿಗೊಮ್ಮೆ ಹೀಗೆ ಕೊಟ್ಟರೆ ಧಾರಾಳವಾಯಿತು.

ಯೂರಿಯಾವನ್ನು ಮಾತ್ರ ಮುಟ್ಟಬೇಡಿ. ಅದರಲ್ಲಿ ಸಾರಜನಕ ಶೇ 46. ಒಂದು ಚಿಟಿಕೆ ಹೆಚ್ಚಾದರೂ ಪುಟ್ಟ ಕುಂಡಕ್ಕೆ ವಿಷ. ಡಿಎಪಿ ಕಾಳುಗಳೂ ಬೇಡ. ಬಣ್ಣದ ಸಣ್ಣ ಗೋಲಿಗಳಂತಿರುವ, ನಿಧಾನವಾಗಿ ಬಿಡುಗಡೆಯಾಗುವ ಗೊಬ್ಬರ ಅನುಕೂಲಕರ ನಿಜ. ಆದರೆ ಆರು ತಿಂಗಳು ಬರುತ್ತದೆ ಎಂದು ಅದರ ಮೇಲೆ ಬರೆದಿರುವುದು ಸಾಮಾನ್ಯವಾಗಿ 21 ಡಿಗ್ರಿ ಉಷ್ಣತೆಯ ಲೆಕ್ಕ. ಬಿಸಿಲಿಗೆ ಕಾದ ಕುಂಡದಲ್ಲಿ ಅದು ಬಹಳ ಬೇಗ ಕರಗಿ ಒಟ್ಟಿಗೇ ಬಿಡುಗಡೆಯಾಗುತ್ತದೆ. ಹಾಕಲೇಬೇಕೆಂದರೆ ಹೇಳಿದ್ದರ ಕಾಲು ಭಾಗ ಹಾಕಿ.

ಅಡುಗೆಮನೆಯ ಗೊಬ್ಬರಗಳು

ಗಿಡ ಸಾಕುವ ಎಲ್ಲರಿಗೂ ಅಡುಗೆಮನೆಯ ಮೇಲೆ ಅಪಾರ ಭರವಸೆ. ಕಾಫಿ ಚರಟ, ಕುದಿಸಿದ ಟೀ ಸೊಪ್ಪು, ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು, ಮೊಟ್ಟೆಯ ಸಿಪ್ಪೆ, ಅಕ್ಕಿ ತೊಳೆದ ನೀರು. ನೆಲದಲ್ಲಿ ನೆಟ್ಟ ಬಾಳೆಗೆ, ನುಗ್ಗೆಗೆ ಇವೆಲ್ಲ ಒಳ್ಳೆಯದೇ. ಅಲ್ಲಿ ಎರೆಹುಳು, ಗೆದ್ದಲು, ಶಿಲೀಂಧ್ರಗಳ ದೊಡ್ಡ ಸೈನ್ಯ ಇದ್ದು ಎಲ್ಲವನ್ನೂ ಅರಗಿಸುತ್ತದೆ. ಕಳ್ಳಿಯ ಕುಂಡದಲ್ಲಿ ಬೇಕೆಂದೇ ನಾವು ಮರಳು, ಕಲ್ಲಿನ ಚೂರು ತುಂಬಿರುತ್ತೇವೆ, ಬೇಗ ಒಣಗಲಿ ಎಂದು. ಅಲ್ಲಿ ಅರಗಿಸುವವರಿಲ್ಲ. ನಮ್ಮ ಮನೆಗಳ ಟೀ ಸೊಪ್ಪು ಹಾಲು, ಸಕ್ಕರೆಯಲ್ಲಿ ಕುದ್ದದ್ದು. ಅದನ್ನು ಕಳ್ಳಿಯ ಬುಡಕ್ಕೆ ಹಾಕಿದರೆ ಇರುವೆ ಬರುತ್ತದೆ, ಬೂಸ್ಟು ಬರುತ್ತದೆ, ಇರುವೆಯ ಬೆನ್ನಿಗೆ ಹಿಟ್ಟು ತಿಗಣೆ ಬರುತ್ತದೆ. ಅಕ್ಕಿ ನೀರಿನ ಗಂಜಿಗೆ ಸಣ್ಣ ಕಪ್ಪು ನೊಣಗಳು ಮುತ್ತುತ್ತವೆ. ಮೊಟ್ಟೆಯ ಸಿಪ್ಪೆ ಸುಣ್ಣದ ಕಲ್ಲಿನಷ್ಟೇ ಗಟ್ಟಿ, ವರ್ಷಗಟ್ಟಲೆ ಹಾಗೆಯೇ ಕೂತಿರುತ್ತದೆ. ಸುಣ್ಣ ಕಳ್ಳಿಗೆ ಬೇಕು ನಿಜ. ಆದರೆ ಬೋರ್‌ವೆಲ್ ನೀರು ಹಾಕುವ ಮನೆಗಳಲ್ಲಿ ಅದು ಬೇಕಾದ್ದಕ್ಕಿಂತ ಹೆಚ್ಚೇ ಸಿಗುತ್ತಿರುತ್ತದೆ.

ಮೂಳೆ ಪುಡಿಯ ಕಥೆಯೂ ಇದೇ. ಅದರಲ್ಲಿರುವ ರಂಜಕ ಕರಗುವುದು ಮಣ್ಣು ಹುಳಿ ಗುಣದ್ದಾಗಿದ್ದರೆ ಮಾತ್ರ. ಗಡಸು ನೀರು ಕುಡಿದು ಕುಡಿದು ಕ್ಷಾರವಾದ ಕುಂಡದಲ್ಲಿ ಮೂಳೆ ಪುಡಿ ಇದ್ದೂ ಇಲ್ಲದಂತೆ.

ಸಾವಯವವೇ ಬೇಕೆನ್ನುವವರಿಗೆ ನಾನು ಹೇಳುವುದು ಇಷ್ಟು: ಕುಂಡ ಬದಲಿಸುವಾಗ ಚೆನ್ನಾಗಿ ಮಾಗಿದ, ಜರಡಿ ಹಿಡಿದ ಎರೆಹುಳು ಗೊಬ್ಬರವನ್ನು ಹತ್ತು ಪಾಲಿನಲ್ಲಿ ಒಂದು ಪಾಲು ಬೆರೆಸಿ. ಜೊತೆಗೆ ಒಂದಿಷ್ಟು ಬೇವಿನ ಹಿಂಡಿ. ಮಿಕ್ಕದ್ದು ದೂಳು ತೊಳೆದ ದಪ್ಪ ಮರಳು, ಇಟ್ಟಿಗೆ ಚೂರು, ಸಿಂಡರ್ ಎಂಬ ಸುಟ್ಟ ಕಲ್ಲಿದ್ದಲಿನ ಚೂರು, ಸ್ವಲ್ಪ ಕೆಮ್ಮಣ್ಣು. ಎಂ-ಸ್ಯಾಂಡ್ ಬಳಸುವುದಾದರೆ ಅದರ ನುಣ್ಣನೆಯ ಪುಡಿಯನ್ನು ತೊಳೆದು ತೆಗೆಯಿರಿ, ಇಲ್ಲದಿದ್ದರೆ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ನರ್ಸರಿಯಿಂದ ತಂದ ಗಿಡದ ಬೇರಿಗೆ ಅಂಟಿದ ಕೋಕೊಪೀಟ್ ಮುದ್ದೆಯನ್ನು ನಿಧಾನವಾಗಿ ಬಿಡಿಸಿ ತೆಗೆಯಿರಿ. ಆ ಮುದ್ದೆ ಒದ್ದೆಯಾದರೆ ಒಣಗದು, ಪೂರ್ತಿ ಒಣಗಿದರೆ ಮತ್ತೆ ನೀರು ಹೀರದು. ಅಂದಹಾಗೆ ಕುಂಡದ ಮೇಲೆ ಬಣ್ಣದ ಕಲ್ಲುಗಳನ್ನು ಅಂಟು ಹಾಕಿ ಕೂರಿಸಿ ಮಾರುವ ಚಾಳಿಯೊಂದಿದೆ. ಅದನ್ನು ಕಿತ್ತು ಬಿಸಾಡದೆ ನೀರಿನ, ಗೊಬ್ಬರದ ಮಾತೇ ಇಲ್ಲ. ಹೊಸ ಕುಂಡಕ್ಕೆ ಕೂರಿಸಿದ ಗಿಡಕ್ಕೆ ಒಂದು ವಾರ ನೀರು ಬೇಡ, ಒಂದು ತಿಂಗಳು ಗೊಬ್ಬರ ಬೇಡ. ಹರಿದ ಬೇರು ಮೊದಲು ಮಾಯಬೇಕು.

ಗೊಬ್ಬರದ ಅರ್ಧ ಸಮಸ್ಯೆ ನೀರಿನದು. ಮಣ್ಣಿನ ಕುಂಡದ ಹೊರಮೈಯಲ್ಲಿ, ಗಿಡದ ಬುಡದಲ್ಲಿ ಬಿಳಿ ಹಕ್ಕಳೆ ಕಟ್ಟಿರುವುದನ್ನು ನೋಡಿರುತ್ತೀರಿ. ನೀರು ಆವಿಯಾಗಿ ಉಳಿದ ಉಪ್ಪು ಅದು. ನೀರು ಗಡಸಾದಷ್ಟೂ ಮಣ್ಣು ಕ್ಷಾರವಾಗುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಎಟುಕದೆ ಹೊಸ ಬೆಳವಣಿಗೆ ಹಳದಿಗೆ ತಿರುಗುತ್ತದೆ. ಹಳದಿ ಕಂಡೊಡನೆ ನಾವು ಇನ್ನಷ್ಟು ಗೊಬ್ಬರ ಹಾಕುತ್ತೇವೆ, ಉಪ್ಪು ಇನ್ನಷ್ಟು ಹೆಚ್ಚುತ್ತದೆ. ಆರ್‌ಒ ಯಂತ್ರ ಹೊರಹಾಕುವ ನೀರನ್ನು ವ್ಯರ್ಥ ಮಾಡಬಾರದೆಂದು ಗಿಡಗಳಿಗೆ ಹಾಕುವ ಮನೆಗಳು ಬೆಂಗಳೂರಿನಲ್ಲಿ ಲೆಕ್ಕವಿಲ್ಲದಷ್ಟಿವೆ. ಉದ್ದೇಶ ಒಳ್ಳೆಯದು. ಆದರೆ ಮೂಲ ನೀರಿನ ಉಪ್ಪೆಲ್ಲ ಸಾಂದ್ರವಾಗಿ ಅದರಲ್ಲಿರುತ್ತದೆ. ಅದು ನೆಲ ಒರೆಸಲು, ಶೌಚಾಲಯಕ್ಕೆ ಸರಿ, ಕಳ್ಳಿಯ ಕುಂಡಕ್ಕಲ್ಲ. ಅಪಾರ್ಟ್‌ಮೆಂಟುಗಳ ಸಾಫ್ಟ್‌ನರ್ ನೀರು ಇನ್ನೂ ಕೆಟ್ಟದ್ದು. ಸಾಫ್ಟ್‌ನರ್ ಸುಣ್ಣವನ್ನು ತೆಗೆದು ಆ ಜಾಗಕ್ಕೆ ಸೋಡಿಯಂ ತುಂಬುತ್ತದೆ. ಕಳ್ಳಿ, ಕತ್ತಾಳೆಗಳ ಅಧ್ಯಯನಕ್ಕೆ ದಶಕಗಳನ್ನೇ ಮೀಸಲಿಟ್ಟ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾರ್ಕ್ ನೋಬೆಲ್, ಮಣ್ಣಿನಲ್ಲಿ ಸೋಡಿಯಂ ಹೆಚ್ಚಿದಂತೆ ಅವುಗಳ ಬೆಳವಣಿಗೆ ಕುಗ್ಗುತ್ತದೆ ಎಂದು ಗುರುತಿಸಿದ್ದರು. ಮಳೆ ನೀರು ಹಿಡಿದಿಟ್ಟುಕೊಂಡರೆ ಅದಕ್ಕಿಂತ ಉತ್ತಮವಾದದ್ದಿಲ್ಲ. ಅದಿಲ್ಲದಿದ್ದರೆ ಕಾವೇರಿ ನೀರು. ಬೋರ್‌ವೆಲ್ಲೇ ಗತಿಯೆಂದಾದರೆ ನಾಲ್ಕೈದು ಸಲಕ್ಕೊಮ್ಮೆ ತಳದಿಂದ ಧಾರಾಳವಾಗಿ ಹರಿಯುವಷ್ಟು ನೀರು ಹಾಕಿ ಉಪ್ಪನ್ನು ತೊಳೆದುಬಿಡಿ.

ಯಾವಾಗ, ಯಾವುದಕ್ಕೆ

ಪಂಚಾಂಗ ನೋಡಿ ಗೊಬ್ಬರ ಹಾಕುವುದಕ್ಕಿಂತ ಗಿಡದ ನೆತ್ತಿ ನೋಡಿ ಹಾಕುವುದು ಮೇಲು. ನೆತ್ತಿಯ ನಡುವೆ ಎಳೆಯ, ಹೊಳಪಿನ, ತಿಳಿ ಬಣ್ಣದ ಹೊಸ ಮುಳ್ಳುಗಳು ಮೂಡುತ್ತಿದ್ದರೆ ಗಿಡ ಬೆಳೆಯುತ್ತಿದೆ, ಗೊಬ್ಬರ ಕೊಡಬಹುದು. ಹಳೆಯ ಮುಳ್ಳುಗಳೇ ಬಿಗಿದುಕೊಂಡು ಕುಳಿತಿದ್ದರೆ ಅದು ವಿಶ್ರಾಂತಿಯಲ್ಲಿದೆ, ಬೇಡ. ಗೊಬ್ಬರ ಬೆಳವಣಿಗೆಯ ಹಿಂದೆ ಹೋಗಬೇಕು. ಗೊಬ್ಬರ ಹಾಕಿ ಬೆಳವಣಿಗೆಯನ್ನು ಎಬ್ಬಿಸಲಾಗದು.

ಬೆಂಗಳೂರು, ಮೈಸೂರು, ಹಾಸನದ ಕಡೆ ಸಂಕ್ರಾಂತಿ ಕಳೆದು ಬಿಸಿಲು ಏರತೊಡಗಿದ ಮೇಲೆ, ಸುಮಾರು ಫೆಬ್ರುವರಿ ಮಧ್ಯದಿಂದ ಮೇ ಕೊನೆಯವರೆಗೆ ಒಳ್ಳೆಯ ಕಾಲ. ಚಳಿಗಾಲದ ನಂತರದ ಮೊದಲ ನೀರು ಬರೀ ನೀರಾಗಿರಲಿ, ಎರಡನೆಯ ಸಲಕ್ಕೆ ಗೊಬ್ಬರ. ಮಳೆಗಾಲದಲ್ಲಿ ಗಿಡ ಸೂರಿನಡಿ ಇದ್ದು ಬಿಸಿಲೂ ಬೀಳುತ್ತಿದ್ದರೆ ಮಾತ್ರ ಮುಂದುವರಿಸಿ. ನವೆಂಬರಿನಿಂದ ಜನವರಿಯವರೆಗೆ ಪೂರ್ತಿ ನಿಲ್ಲಿಸಿ. ಕಲಬುರಗಿ, ರಾಯಚೂರಿನ ಕಡೆ ಏಪ್ರಿಲ್, ಮೇನಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ಅಲ್ಲಿ ರಾತ್ರಿಯೂ ಸೆಕೆ. ತಂಪಾದ ರಾತ್ರಿಯೇ ಕಳ್ಳಿಯ ಗಳಿಕೆಯ ಹೊತ್ತು ಎಂಬುದನ್ನು ನೆನೆದರೆ ಆ ಎರಡು ತಿಂಗಳು ಅದು ಸುಮ್ಮನೆ ಮುದುಡಿ ಕೂರುವುದೇಕೆಂದು ಅರ್ಥವಾಗುತ್ತದೆ. ಆ ಸೀಮೆಯಲ್ಲಿ ಫೆಬ್ರುವರಿ, ಮಾರ್ಚಿನಲ್ಲಿ ಕೊಟ್ಟು ನಿಲ್ಲಿಸಿ, ಮುಂಗಾರು ಬಂದು ತಂಪಾದ ಮೇಲೆ ಮತ್ತೆ ಶುರು ಮಾಡಬೇಕು. ಮಂಗಳೂರು, ಕಾರವಾರದವರಿಗೆ ತದ್ವಿರುದ್ಧ. ಧಾರಾಕಾರ ಮಳೆ ಸುರಿಯುವ ಆ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಳ್ಳಿ ಬದುಕಿ ಉಳಿದರೆ ಅದೇ ದೊಡ್ಡದು. ಆಗ ಗೊಬ್ಬರ ಹಾಕುವುದೆಂದರೆ ಕೊಳೆಯನ್ನು ಕರೆದು ಕೂರಿಸಿದಂತೆ.

ಎಲ್ಲ ಕಳ್ಳಿಯ ಹೊಟ್ಟೆಯೂ ಒಂದೇ ಅಲ್ಲ. ಮುಳ್ಳಿಲ್ಲವೆಂಬ ಕಾರಣಕ್ಕೆ ನಾವು ಕಳ್ಳಿಯೆಂದೇ ಗುರುತಿಸದ ಒಂದು ಗಿಡ ನಮ್ಮ ಮನೆ ಮನೆಗಳಲ್ಲಿದೆ. ರಾತ್ರಿ ಅರಳುವಾಗ ನೆರೆಹೊರೆಯವರನ್ನೆಲ್ಲ ಕರೆದು ಆರತಿ ಎತ್ತುವ ಬ್ರಹ್ಮಕಮಲ. ಹಿಮಾಲಯದ ಬ್ರಹ್ಮಕಮಲಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ ಮರಗಳ ಮೇಲೆ ಬೆಳೆಯುವ ಕಳ್ಳಿ. ಕೊಂಬೆಯ ಸಂದಿನಲ್ಲಿ ಕೊಳೆತ ಎಲೆಯ ಗೊಬ್ಬರ ಉಂಡು ಬೆಳೆದ ಕುಲವಾದ್ದರಿಂದ ಇದಕ್ಕೆ ಎರೆಹುಳು ಗೊಬ್ಬರ, ಮಾಗಿದ ಕೊಟ್ಟಿಗೆ ಗೊಬ್ಬರ ಎಲ್ಲವೂ ಹಿತ. ಮರಳು ತುಂಬಿದ ಕುಂಡದಲ್ಲಿ ಬಿಸಿಲಿಗಿಟ್ಟರೆ ಸೊರಗುತ್ತದೆ. ಬ್ರೆಜಿಲ್ಲಿನ ಕರಾವಳಿ ಬೆಟ್ಟಗಳಿಂದ ಬಂದ ಕ್ರಿಸ್‌ಮಸ್ ಕ್ಯಾಕ್ಟಸ್ ಕೂಡ ಇದೇ ವರ್ಗ.

ಕೆಂಪು, ಹಳದಿ ತಲೆಯ ‘ಮೂನ್ ಕ್ಯಾಕ್ಟಸ್’ ಇನ್ನೊಂದು ಬಗೆ. ಅದರ ಬಣ್ಣದ ತಲೆಯಲ್ಲಿ ಹಸಿರೇ ಇಲ್ಲ, ಹಾಗಾಗಿ ತನ್ನ ಅನ್ನವನ್ನು ತಾನು ದುಡಿಯಲಾರದು. ಕೆಳಗಿನ ಮೂರು ಮೂಲೆಯ ಹಸಿರು ಕಾಂಡಕ್ಕೆ ಕಸಿ ಕಟ್ಟಿರುತ್ತಾರೆ. ಆ ಕಾಂಡ ಹೆಚ್ಚಾಗಿ ಡ್ರ್ಯಾಗನ್ ಹಣ್ಣಿನ ಬಳ್ಳಿ. ಇಬ್ಬರ ಪಾಲನ್ನೂ ಒಂದೇ ದುಡಿಯಬೇಕಾದ್ದರಿಂದ ಇಂಥದಕ್ಕೆ ಹದಿನೈದು ದಿನಕ್ಕೊಮ್ಮೆ ಗೊಬ್ಬರ ಕೊಡಬಹುದು. ಆದರೂ ಕೆಲವೇ ವರ್ಷಗಳಲ್ಲಿ ಕಾಂಡ ಸೋಲುತ್ತದೆ. ಅದು ನಿಮ್ಮ ತಪ್ಪಲ್ಲ. ಇನ್ನು ಹಣ್ಣಿಗಾಗಿ, ತರಕಾರಿಗಾಗಿ ಬೆಳೆಯುವ ಕಳ್ಳಿಗಳ ಲೋಕವೇ ಬೇರೆ. ಮೆಕ್ಸಿಕೋ ನಗರದ ಅಂಚಿನ ಮಿಲ್ಪಾ ಆಲ್ಟಾದಲ್ಲಿ ಪಾಪಸ್ ಕಳ್ಳಿಯ ಎಳೆಯ ಹಾಳೆಗಳನ್ನು ತರಕಾರಿಯಾಗಿ ಬೆಳೆಯುವ ರೈತರು ಹೊಲಕ್ಕೆ ಸಗಣಿ ಗೊಬ್ಬರವನ್ನು ಗಾಡಿಗಟ್ಟಲೆ ಸುರಿಯುತ್ತಾರೆ. ವಾರ ವಾರ ಕೊಯ್ಯುವವರಿಗೆ ಅದು ಸರಿ. ನಾವು ಕೊಯ್ಯುವುದೇನೂ ಇಲ್ಲವಲ್ಲ.

ಮುರಿದರೆ ಹಾಲು ಸುರಿಸುವ ಬೊಂತೆಗಳ್ಳಿ, ಚದುರಗಳ್ಳಿಗಳು ಈ ಕುಟುಂಬದವಲ್ಲ. ಆದರೂ ಕುಂಡದಲ್ಲಿದ್ದರೆ ಗೊಬ್ಬರದ ಲೆಕ್ಕ ಹೆಚ್ಚುಕಡಿಮೆ ಇದೇ. ಅವುಗಳ ಹಾಲು ಕಣ್ಣಿಗೆ ಸಿಡಿಯದಂತೆ ಎಚ್ಚರ.

ಹೂವಿನ ಆಸೆಗೆ ಗೊಬ್ಬರ ಹಾಕುವವರಿಗೆ ಒಂದು ಮಾತು. 0:52:34 ಎಂಬ ರಂಜಕದ ಗೊಬ್ಬರ ಹಾಕಿದರೆ ಮೊಗ್ಗು ಬರುತ್ತದೆಂಬ ಪ್ರಚಾರ ಜೋರಾಗಿದೆ. ಕಳ್ಳಿ ಹೂ ಬಿಡುವುದು ವಯಸ್ಸು, ಬಿಸಿಲು, ಚಳಿಗಾಲದಲ್ಲಿ ಒಣಗಿ ಕೂತ ವಿಶ್ರಾಂತಿ ಈ ಮೂರರಿಂದ. ಚಿನ್ನದ ಬಣ್ಣದ ಮುಳ್ಳಿನ ಗೋಲ್ಡನ್ ಬ್ಯಾರೆಲ್ ಹೂ ಬಿಡಲು ಹದಿನೈದು ಇಪ್ಪತ್ತು ವರ್ಷವೇ ಬೇಕು. ಟೆನಿಸ್ ಚೆಂಡಿನ ಗಾತ್ರದ ಮರಿಗೆ ಯಾವ ಪುಡಿ ಹಾಕಿದರೂ ಅದು ಅರಳದು.

ಹೆಚ್ಚಾದರೆ ಏನಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ಗಿಡ ಉಬ್ಬುತ್ತದೆ, ಮೈ ಮೆತ್ತಗಾಗುತ್ತದೆ, ಮುಳ್ಳುಗಳ ನಡುವಿನ ಅಂತರ ಹೆಚ್ಚುತ್ತದೆ. ಒಮ್ಮೊಮ್ಮೆ ಚರ್ಮ ಉದ್ದಕ್ಕೆ ಸೀಳುತ್ತದೆ. ರಸ ತುಂಬಿದ ಮೆತ್ತನೆ ಮೈಗೆ ಹಿಟ್ಟು ತಿಗಣೆ ಹುಡುಕಿಕೊಂಡು ಬರುತ್ತದೆ. ಗುಲಾಬಿಯ ಎಲೆ ಸುಟ್ಟರೆ ಉದುರಿ ಹೊಸದು ಬರುತ್ತದೆ. ಕಳ್ಳಿಗೆ ಉದುರಿಸಲು ಎಲೆಯಿಲ್ಲ, ಗಾಯ ಒಣಗಿ ಕಂದು ಗಂಟಾಗಿ ಅದರ ಮೈಮೇಲೆ ಕೊನೆಯವರೆಗೂ ಉಳಿಯುತ್ತದೆ. ಹೆಚ್ಚಾಯಿತು ಎಂದು ಅನುಮಾನ ಬಂದ ಕೂಡಲೇ ಕುಂಡದ ಗಾತ್ರದ ಮೂರು ಪಟ್ಟು ಬರೀ ನೀರನ್ನು ಹರಿಸಿ, ಗಾಳಿಯಾಡುವ ಕಡೆ ಇಟ್ಟು ಪೂರ್ತಿ ಒಣಗಲು ಬಿಡಿ. ಆ ವರ್ಷ ಮತ್ತೆ ಗೊಬ್ಬರದ ತಂಟೆಗೆ ಹೋಗಬೇಡಿ.

ಖರ್ಚಿನ ಲೆಕ್ಕ ಹೇಳಿ ಮುಗಿಸುತ್ತೇನೆ. ಮೂವತ್ತು ಕುಂಡಗಳಿವೆ ಎನ್ನಿ. ಕುಂಡಕ್ಕೆ 100 ಮಿ.ಲೀ.ನಂತೆ ಒಂದು ಸಲಕ್ಕೆ ಮೂರು ಲೀಟರ್, ಅಂದರೆ ಒಂದೂವರೆ ಗ್ರಾಂ ಗೊಬ್ಬರ. ವರ್ಷಕ್ಕೆ ಆರು ಸಲ ಕೊಟ್ಟರೂ ಒಂಬತ್ತು ಗ್ರಾಂ. ಗೊಬ್ಬರದ ಅಂಗಡಿಯ ಒಂದು ಕಿಲೋ ಪೊಟ್ಟಣ ಈ ಲೆಕ್ಕದಲ್ಲಿ ನೂರು ವರ್ಷ ದಾಟಿಯೂ ಮಿಗುತ್ತದೆ. ಮಳೆಗಾಲದ ತೇವಕ್ಕೆ ಅದು ಗಟ್ಟಿಕಟ್ಟುವುದರಿಂದ ಅಷ್ಟು ಕಾಲ ಇಡುವಂತೆಯೂ ಇಲ್ಲ. ಆದ್ದರಿಂದ ಒಬ್ಬರೇ ಕೊಳ್ಳಬೇಡಿ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದು ಪೊಟ್ಟಣ ತಂದು, ಬಿಗಿ ಮುಚ್ಚಳದ ಡಬ್ಬಿಗಳಲ್ಲಿ ಹಂಚಿಕೊಳ್ಳಿ, ಡಬ್ಬಿಯ ಮೇಲೆ ‘ಕಳ್ಳಿಗೆ ಲೀಟರಿಗೆ ಅರ್ಧ ಗ್ರಾಂ’ ಎಂದು ದಪ್ಪ ಅಕ್ಷರದಲ್ಲಿ ಬರೆದಿಡಿ.